ಭಾಷೆ ಆರಿಸೋ ಮೊದಲು ‘ಕುಪ್ಪೇಲೂರು’ ಅಂತ ಬರೆದು ನೋಡ್ರಿ

ಕೋಡ್ ಬರೆಯೋಕೆ ಕೂಡೋ ಮೊದಲೇ ನಮ್ಮ ಪ್ರಾಜೆಕ್ಟ್ ತಂಡದಾಗ ಜಗಳ ಶುರುವಾಗಿತ್ತು. ಒಂದು ಬೀಜ-ಗೊಬ್ಬರದ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಬೇಕಿತ್ತು. ಒಬ್ಬ ‘ಗೋ’ ಅಂದ, ವೇಗ ಜಾಸ್ತಿ ಅಂತ. ಒಬ್ಬಳು ಪೈಥಾನ್ ಅಂದಳು, ಪ್ಲೇಸ್‌ಮೆಂಟ್‌ಗೆ ಅನುಕೂಲ ಅಂತ. ಕೊನೆಗೆ ಮೊದಲ ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ‘ಸಿ’ ಗೆದ್ದಿತು. ಅಂಗಡಿಯವರನ್ನ ಮಾತ್ರ ಯಾರೂ ಏನೂ ಕೇಳಲಿಲ್ಲ.

ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟೆವು. ನಮ್ಮ ಜೊತೆಗಾರ ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನವ. ತನ್ನೂರ ಹೆಸರು ಹಾಕಿ ರಸೀದಿ ತೆಗೆದ. ‘ಕುಪ್ಪೇ’ ಅಂತ ಬಂತು, ಅದರ ಮುಂದೊಂದು ಖಾಲಿ ಡಬ್ಬಿ. “ನಮ್ಮೂರನ್ನ ಅರ್ಧಕ್ಕ ಕಡದ ಒಗದ್ರಲ್ಲೋ!” ಅಂದ.

ಲೆಕ್ಕ ಇಷ್ಟೇ. ಕಣ್ಣಿಗೆ ಕುಪ್ಪೇಲೂರು ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 10 ಸಂಕೇತ. ಉದ್ದ ಎಷ್ಟು ಅಂತ ಕೇಳಿದ್ರೆ ಪೈಥಾನ್ 3, ಜಾವಾ ಎರಡೂ 10 ಅಂತಾವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಸಿ ಮತ್ತು ಗೋ 30 ಅನ್ನುತ್ತವೆ. ನಾಲ್ಕು ಅಂತ ಯಾವುದೂ ತಾನಾಗಿ ಹೇಳೋದಿಲ್ಲ. ತಪ್ಪು ಸಿ ಭಾಷೆಯದಲ್ಲ, ನಮ್ಮದು. ಬಳಸೋರ ದತ್ತಾಂಶ ಹೇಗಿರುತ್ತೆ ಅನ್ನೋ ಮೊದಲ ಪ್ರಶ್ನೆಯನ್ನೇ ನಾವು ಕೇಳಿರಲಿಲ್ಲ.

ಎರಡನೇ ಪ್ರಶ್ನೆ ಆಯುಷ್ಯದ್ದು. ಕುಪ್ಪೇಲೂರಿನ ರೈತರ ಉತಾರ ಇವತ್ತು ಬರೋದು ‘ಭೂಮಿ’ ವ್ಯವಸ್ಥೆಯಿಂದ. ಎರಡು ದಶಕ ದಾಟಿದ್ರೂ ಅದು ನಡೀತಿದೆ. ಅದು ಶುರುವಾದ ಕಾಲಕ್ಕೆ ಎಲ್ಲೆಲ್ಲೂ ವಿಷುವಲ್ ಬೇಸಿಕ್ 6ರ ಹವಾ ಇತ್ತು. 2008ರಲ್ಲಿ ಮೈಕ್ರೋಸಾಫ್ಟ್ ಅದರ ಅಭಿವೃದ್ಧಿ ಸಾಧನಕ್ಕೆ ಬೆಂಬಲ ನಿಲ್ಲಿಸಿತು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗೀತು. ಹೊಲ, ಸಾಲ, ಖಾತೆ ಇವಕ್ಕೆಲ್ಲ ಭಾಷೆಗಳಿಗಿಂತ ಆಯುಷ್ಯ ಹೆಚ್ಚು.

ಮೂರನೇದು, ನಾವು ಹೋದ ಮೇಲೆ ಯಾರು ತಿದ್ದುತಾರೆ? 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ನಿರುದ್ಯೋಗ ಭತ್ಯೆಯ ಹಳೇ ವ್ಯವಸ್ಥೆ ನಡೆಸೋಕೆ ಕೋಬಾಲ್ ಬಲ್ಲವರು ಬೇಕು ಅಂತ ಬಹಿರಂಗವಾಗಿ ಕೇಳಬೇಕಾಯ್ತು. ಕೋಬಾಲ್ ಕೆಲಸ ಮಾಡ್ತಿತ್ತು. ಅದನ್ನ ಬಲ್ಲ ಜನ ಕಮ್ಮಿ ಆಗಿದ್ರು.

ಹಾಗಂತ ವೇಗ ಲೆಕ್ಕಕ್ಕಿಲ್ಲ ಅಂತಲ್ಲ. ಷೇರು ವ್ಯವಹಾರದ ಬೆಂಗಳೂರಿನ ಜೆರೋಧಾ ಗೋ ಬಳಸುತ್ತೆ, ಜೊತೆಗೆ ಪೈಥಾನ್ ಕೂಡ. ಒಂದೇ ಕ್ಷಣದಲ್ಲಿ ಸಾವಿರಾರು ಆರ್ಡರ್ ಬರೋ ಕಡೆ ವೇಗಕ್ಕೆ ಬೆಲೆ ಇದೆ. ದಿನಕ್ಕೆ ನೂರು ರಸೀದಿ ಹರಿಯೋ ಅಂಗಡಿಗೆ ಅದೇ ಅಳತೆ ಯಾಕೆ?

“ಕಂಪನಿಯಲ್ಲಿ ಭಾಷೆ ಆರಿಸೋದು ಮ್ಯಾನೇಜರು, ನಾವಲ್ಲ” ಅಂತ ಕೆಲವರು ಅಂತಾರೆ. ನಿಜ. ಆದರೆ ಅವರು ತಪ್ಪು ಆರಿಸಿದ್ರೆ ರಾತ್ರಿ ಕೂತು ತಿದ್ದೋರು ನಾವೇ. ಪ್ರಶ್ನೆ ಕೇಳೋ ರೂಢಿ ಇಲ್ಲೇ ಆಗಲಿ. ಪ್ರಾಜೆಕ್ಟ್ ಸಿನಾಪ್ಸಿಸ್‌ನಲ್ಲಿ ‘ಈ ಭಾಷೆ ಯಾಕೆ’ ಅಂತ ಒಂದು ಪುಟ ಕಡ್ಡಾಯ ಇರಲಿ, ವೈವಾದಲ್ಲೂ ಅದನ್ನ ಕೇಳಲಿ ಅನ್ನೋದು ನಮ್ಮ ಒತ್ತಾಯ.

ನಾವು ಕೊನೆಗೆ ಪೈಥಾನ್‌ನಲ್ಲೇ ಎಲ್ಲ ತಿರುಗಿ ಬರೆದೆವು. ಅಂಗಡಿಯವರ ಮಗಳು ಡಿಪ್ಲೊಮಾ ಓದ್ತಿದ್ದಾಳೆ, ಅವಳಿಗೆ ಪೈಥಾನ್ ಬರುತ್ತೆ. ಮುಂದೆ ತಿದ್ದೋಳು ಅವಳೇ. ಈಗ ರಸೀದಿ ಮೇಲೆ ಕುಪ್ಪೇಲೂರು ಪೂರ್ತಿ ಬರುತ್ತೆ.