ವೈದ್ಯರು ಕೇಳದ ಒಂದು ಪ್ರಶ್ನೆ

ಸ್ತನ ಕ್ಯಾನ್ಸರಿನ ಚಿಕಿತ್ಸೆಗಾಗಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಹಿಳೆಯರು ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾಗುತ್ತದೆ. ಹನೂರಿನ ಕಾಡಂಚಿನ ಹಳ್ಳಿಯವಳಿಗೆ ಅದು ಇಡೀ ದಿನದ ಪ್ರಯಾಣ. ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣಗಳೆಲ್ಲ ಮುಗಿದು ಮನೆಯವರು ನೆಮ್ಮದಿಯ ಉಸಿರು ಬಿಡುವ ಹೊತ್ತಿಗೆ ಅವಳಿಗೆ ಇನ್ನೊಂದು ಕಷ್ಟ ಆರಂಭವಾಗಿರುತ್ತದೆ. ಗಂಡನ ಸಾಮೀಪ್ಯ ಬೇಡವೆನಿಸುತ್ತದೆ, ಬೇಕೆನಿಸಿದರೂ ನೋವಾಗುತ್ತದೆ. ಇದನ್ನು ಅವಳು ಯಾರಿಗೂ ಹೇಳುವುದಿಲ್ಲ. ಪತ್ರಿಕೆಯಲ್ಲಿ ಇದನ್ನು ಬರೆಯಲು ನನ್ನ ವಯಸ್ಸಿನವರಿಗೆ ಸಂಕೋಚವಾಗುವುದೂ ನಿಜ.

ಆದರೆ ಇದರ ಕಾರಣಗಳು ಸ್ಪಷ್ಟವಾಗಿವೆ. ಕಿಮೊಥೆರಪಿ ಅಂಡಾಶಯಗಳ ಕೆಲಸವನ್ನು ಕುಂಠಿತಗೊಳಿಸಿ ಅಕಾಲದಲ್ಲಿ ಮುಟ್ಟು ನಿಲ್ಲಿಸಬಹುದು. ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ದೇಹದ ಈಸ್ಟ್ರೋಜೆನ್ ಅನ್ನು ತೀರಾ ತಗ್ಗಿಸುವುದರಿಂದ ಯೋನಿ ಒಣಗಿ ಉರಿಯುತ್ತದೆ. ದಣಿವು, ನಿದ್ರಾಹೀನತೆ, ಬದಲಾದ ಶರೀರದ ಬಗೆಗಿನ ನಾಚಿಕೆ ಇವುಗಳ ಜೊತೆಗೆ ಸೇರಿಕೊಳ್ಳುತ್ತವೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಸುಮಾರು ಒಂದು ದಶಕ ಮೊದಲೇ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಸಂಸಾರದ ನಡುಹಗಲಿನಲ್ಲಿರುವ ಹೆಂಗಸರೇ ಇದಕ್ಕೆ ಈಡಾಗುತ್ತಾರೆ.

ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲಿ ಒಂದು ಲೆಕ್ಕವೂ ಕಾಣುತ್ತದೆ. ಹಾರ್ಮೋನ್ ಅವಲಂಬಿತ ಕ್ಯಾನ್ಸರಿಗೆ ಈ ಮಾತ್ರೆಗಳನ್ನು ಅಥವಾ ಟ್ಯಾಮಾಕ್ಸಿಫೆನ್ ಅನ್ನು ಐದರಿಂದ ಹತ್ತು ವರ್ಷ ನುಂಗಬೇಕು. ಅಡ್ಡಪರಿಣಾಮ ತಾಳಲಾರದೆ ನಡುವೆಯೇ ನಿಲ್ಲಿಸುವವರುಂಟು. ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಸರ್ಕಾರ ಲಕ್ಷಾಂತರ ರೂಪಾಯಿ ವ್ಯಯಿಸಿ ಉಳಿಸಿದ ಜೀವ, ಯಾರೂ ಕೇಳದ ಒಂದು ಪ್ರಶ್ನೆಯಿಂದಾಗಿ ಮತ್ತೆ ಅಪಾಯಕ್ಕೆ ಸಿಲುಕುತ್ತದೆ.

ಪರಿಹಾರಗಳೇನೂ ದುಬಾರಿಯಲ್ಲ. ಹಾರ್ಮೋನ್ ಇಲ್ಲದ ತೇವಕಾರಕವನ್ನು ವಾರಕ್ಕೆ ಎರಡು ಮೂರು ಬಾರಿ ಬಳಸಿದರೆ, ಮಿಲನದ ವೇಳೆ ನೀರಿನಾಂಶದ ಜೆಲ್ ಹಚ್ಚಿದರೆ ನೋವು ಬಹಳಷ್ಟು ತಗ್ಗುತ್ತದೆ. ನೋವು ತಗ್ಗಿದರೆ ಆಸಕ್ತಿ ಮರಳುವ ದಾರಿಯೂ ತೆರೆಯುತ್ತದೆ. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದರಿಂದ ಕಾಂಡೋಮ್ ಹರಿಯುತ್ತದೆ ಎಂಬುದನ್ನು ಹೇಳುವವರು ಬೇಕು. ಚಿಕಿತ್ಸೆಯ ಕಾಲದಲ್ಲಿ ಗರ್ಭ ನಿಲ್ಲಬಾರದು, ಗರ್ಭನಿರೋಧಕ ಹಾರ್ಮೋನ್ ಗುಳಿಗೆಯೂ ಸಲ್ಲದು ಎಂಬುದನ್ನೂ ಹೇಳಬೇಕು. ಈಸ್ಟ್ರೋಜೆನ್ ಮುಲಾಮನ್ನು ಕ್ಯಾನ್ಸರ್ ತಜ್ಞರನ್ನು ಕೇಳದೆ ಮುಟ್ಟಬಾರದು. ಖಿನ್ನತೆಯ ಕೆಲವು ಮಾತ್ರೆಗಳು ಆಸಕ್ತಿಯನ್ನು ಕುಗ್ಗಿಸುತ್ತವೆ. ಅವುಗಳಲ್ಲಿ ಪ್ಯಾರಾಕ್ಸೆಟಿನ್ ಟ್ಯಾಮಾಕ್ಸಿಫೆನ್‌ನ ಗುಣವನ್ನೇ ಕುಂದಿಸಬಹುದಾದ್ದರಿಂದ ವೈದ್ಯರು ಬದಲಿ ಮಾತ್ರೆ ಆರಿಸಬೇಕು. ನಡಿಗೆ, ವ್ಯಾಯಾಮಗಳಿಂದ ದಣಿವು ಇಳಿಯುತ್ತದೆ. ಗಂಡನನ್ನೂ ಕೂರಿಸಿಕೊಂಡು ಮಾತನಾಡುವುದಂತೂ ಅತ್ಯಗತ್ಯ. ಮುಟ್ಟಿದರೆ ರೋಗ ಅಂಟುವುದೆಂಬ ಭಯ ಇನ್ನೂ ಉಳಿದಿದೆ. ಕ್ಯಾನ್ಸರ್ ಹಾಗೆ ಅಂಟುವುದಿಲ್ಲ. ಹೆಂಡತಿಗೆ ಮನಸ್ಸಿಲ್ಲವೆಂದರೆ ಒತ್ತಾಯಿಸಬಾರದೆಂಬುದನ್ನೂ ಅವನು ಅಲ್ಲಿಯೇ ಕೇಳಿಸಿಕೊಳ್ಳಲಿ.

ಇದನ್ನೆಲ್ಲ ಹೇಳಬೇಕಾದವರು ಯಾರು? ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ, ಹಿಂದೆ ಹತ್ತಾರು ಜನ ನಿಂತಿರುವಾಗ, ಅವಳೇ ಬಾಯಿಬಿಡಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಇದೇ ಯಳಂದೂರಿನಲ್ಲಿ 1986ರಲ್ಲಿ ಕರುಣಾ ಟ್ರಸ್ಟ್ ಆರಂಭವಾದದ್ದು ಕುಷ್ಠರೋಗದ ನಿಯಂತ್ರಣಕ್ಕೆ. ನೆಂಟರಿಷ್ಟರಿಂದಲೂ ಮುಚ್ಚಿಡುತ್ತಿದ್ದ ಕಾಯಿಲೆಯದು. ಇಂದು ಅದರ ಹೆಸರು ಹೇಳಲು ಆರೋಗ್ಯ ಕಾರ್ಯಕರ್ತೆಗೆ ಅಳುಕಿಲ್ಲ.

ನಮೂನೆಯಲ್ಲಿ ಅಂಕಣವಿಲ್ಲದ ವಿಷಯ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ ಎಂಬುದು ಸೇವೆಯಲ್ಲಿದ್ದಷ್ಟು ಕಾಲವೂ ನಾನು ಕಂಡ ಸತ್ಯ. ಆದ್ದರಿಂದ ಕ್ಯಾನ್ಸರ್ ರೋಗಿಯ ಮರುಭೇಟಿ ಚೀಟಿಯಲ್ಲಿ ದಾಂಪತ್ಯದ ತೊಂದರೆಯ ಕುರಿತು ಒಂದು ಸಾಲು ಮುದ್ರಿತವಾಗಲಿ. ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಯಲ್ಲಿ ತರಬೇತಿ ಪಡೆದ ಒಬ್ಬ ಶುಶ್ರೂಷಕಿ, ಬಾಗಿಲು ಮುಚ್ಚಿಕೊಳ್ಳುವಂಥ ಒಂದು ಕೋಣೆ, ಔಷಧ ಕಪಾಟಿನಲ್ಲಿ ಆ ಜೆಲ್ ಇರಲಿ. ಇದಕ್ಕೆ ಹೊಸ ಯೋಜನೆಯಾಗಲಿ, ಸಚಿವ ಸಂಪುಟದ ಅನುಮೋದನೆಯಾಗಲಿ ಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು.