ಸತ್ತವರ ಸಂಬಳದ ಚೀಟಿ

ಮಂಗಳೂರಿನ ವಿಮಾನ ದುರಂತದ ಪ್ರಸ್ತಾಪ ಬಂದಾಗಲೆಲ್ಲ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ಪೈಲಟ್ ನಿದ್ದೆ ಹೋಗಿದ್ದ. ಇನ್ನೊಂದು, ಅವರ ನಸೀಬಿನಲ್ಲಿ ಹಾಗೆಯೇ ಬರೆದಿತ್ತು. ಮೊದಲನೆಯದನ್ನು ಸರಕಾರ ಹೇಳುತ್ತದೆ, ಎರಡನೆಯದನ್ನು ನಾವೇ ಹೇಳಿಕೊಳ್ಳುತ್ತೇವೆ. ಈ ಎರಡು ಮಾತುಗಳ ಮರೆಯಲ್ಲಿ ಸಂಬಂಧಪಟ್ಟವರೆಲ್ಲ ಹಾಯಾಗಿ ಕುಳಿತಿದ್ದಾರೆ.

2010ರ ಮೇ 22, ಶನಿವಾರ. ಬೆಳಗಿನ ಆರು ಗಂಟೆ ದಾಟಿತ್ತಷ್ಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ ವಿಮಾನ ಬಜ್ಪೆಯ ರನ್‌ವೇಯಲ್ಲಿ ನಿಲ್ಲದೆ ಕೆಂಜಾರಿನ ಕಮರಿಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, ಬದುಕಿದವರು ಎಂಟೇ ಜನ. ಅಂದು ಆ ಹೊತ್ತಿನಲ್ಲಿ ಮಳೆಯಿರಲಿಲ್ಲ, ಗಾಳಿ ಶಾಂತವಾಗಿತ್ತು. ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖೆ ಕ್ಯಾಪ್ಟನ್ನನ ತಪ್ಪನ್ನು ಸ್ಪಷ್ಟವಾಗಿ ಹೇಳಿದೆ. ಆತ ಹಾದಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದ. ಇರಬೇಕಾದ್ದಕ್ಕಿಂತ ಎತ್ತರದಿಂದ ಇಳಿದ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲಕ್ಕೆ ತಗುಲಿತು. ಇಳಿಸುವುದು ಬೇಡ, ಮತ್ತೆ ಮೇಲೇರಿಸಿ ಎಂದು ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ಈ ಮನುಷ್ಯನ ಪರ ವಕಾಲತ್ತು ವಹಿಸಲು ನಾನು ಇದನ್ನು ಬರೆಯುತ್ತಿಲ್ಲ.

ಆದರೆ ವರದಿ ಅಲ್ಲಿಗೇ ಮುಗಿಯುವುದಿಲ್ಲ, ನಮ್ಮ ಓದು ಮಾತ್ರ ಮುಗಿಯುತ್ತದೆ. ಮಂಗಳೂರಿನ ರಾಡಾರ್ ಮೇ 20ರಿಂದಲೇ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಇಳಿಯತೊಡಗಲು ಅನುಮತಿ ಸಿಕ್ಕಿದ್ದು ತಡವಾಗಿ. ರನ್‌ವೇ ಮುಗಿದ ಮೇಲೆ ಇದ್ದ ಸುರಕ್ಷತಾ ಪ್ರದೇಶ 90 ಮೀಟರ್. ಅದು ಅಂತರರಾಷ್ಟ್ರೀಯ ನಿಯಮ ಕಡ್ಡಾಯ ಮಾಡಿದ ಕನಿಷ್ಠ ಅಳತೆ. ಅದೇ ನಿಯಮ 240 ಮೀಟರ್ ಇದ್ದರೆ ಒಳ್ಳೆಯದೆಂದು ಶಿಫಾರಸು ಮಾಡುತ್ತದೆ. ಬೆಟ್ಟದ ನೆತ್ತಿ ಕಡಿದು ಮಾಡಿದ ರನ್‌ವೇಗೆ ಕನಿಷ್ಠವೇ ಸಾಕೆಂದು ತೀರ್ಮಾನಿಸಿದವನು ನಿದ್ದೆಯಲ್ಲಿರಲಿಲ್ಲ, ಮೇಜಿನ ಮುಂದೆ ಕುಳಿತಿದ್ದ. ಆ ಪ್ರದೇಶದ ಆಚೆ, ಇಳಿಯುವ ವಿಮಾನಕ್ಕೆ ದಾರಿ ತೋರುವ ಆಂಟೆನಾವನ್ನು ಕಾಂಕ್ರೀಟಿನ ಮೇಲೆ ನಿಲ್ಲಿಸಿದ್ದರು. ವಿಮಾನದ ಬಲರೆಕ್ಕೆ ಬಡಿದದ್ದು ಅದಕ್ಕೆ. ಆಮೇಲೆ ಬೇಲಿ, ಆಮೇಲೆ ಕಮರಿ. ಇಂಥ ಜಾಗದಲ್ಲಿರುವ ಕಟ್ಟಡಗಳು ತಗುಲಿದ ಕೂಡಲೇ ಮುರಿದುಬೀಳುವಂತಿರಬೇಕು ಎಂದು ತನಿಖೆ ಬುದ್ಧಿ ಹೇಳಿತು. ಹದಿನಾಲ್ಕು ವರ್ಷಗಳ ಮೇಲೆ, 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ರನ್‌ವೇ ದಾಟಿದ ವಿಮಾನ ಅಂಥದೇ ಆಂಟೆನಾ ಹೊತ್ತ ಕಾಂಕ್ರೀಟ್ ದಿಬ್ಬಕ್ಕೆ ಬಡಿದು 179 ಜನ ಸತ್ತರು. ಇದು ನಮ್ಮೊಬ್ಬರ ರೋಗವಲ್ಲ ಎಂಬುದೇನೂ ಸಮಾಧಾನದ ಸಂಗತಿಯಲ್ಲ.

ಈ ಜಾಗ ಬೇಡವೆಂದು ಬಜ್ಪೆಯ ಜನ 1997ರಲ್ಲೇ ಹೈಕೋರ್ಟಿಗೆ ಹೋಗಿದ್ದರು. 2002ರಲ್ಲಿ ಮತ್ತೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟೂ ಅರ್ಜಿಯನ್ನು ತಳ್ಳಿಹಾಕಿತು. 2006ರಲ್ಲಿ ಹೊಸ ರನ್‌ವೇ ತೆರೆಯಿತು. ಅದಕ್ಕೂ ಹಿಂದೆ, 1981ರ ಆಗಸ್ಟ್‌ನಲ್ಲಿ, ಅಲ್ಲಿನ ಹಳೆಯ ರನ್‌ವೇಯನ್ನು ಒಂದು ಆವ್ರೋ ವಿಮಾನ ದಾಟಿ ಅಂಚಿನಲ್ಲಿ ನಿಂತಿತ್ತು. ಅದರಲ್ಲಿ ರಾಜ್ಯದ ಆಗಿನ ಹಣಕಾಸು ಸಚಿವ ವೀರಪ್ಪ ಮೊಯಿಲಿಯವರಿದ್ದರು. ಯಾರೂ ಸಾಯಲಿಲ್ಲ. ಮಂತ್ರಿಯ ವಿಮಾನ ನಿಂತಿತು, ಕೂಲಿಯವರ ವಿಮಾನ ನಿಲ್ಲಲಿಲ್ಲ ಎಂದು ಇಲ್ಲೊಂದು ಚಂದದ ವಾಕ್ಯ ಬರೆಯಬಹುದು. ಬರೆಯುವುದಿಲ್ಲ, ಅದು ಸುಳ್ಳು ಲೆಕ್ಕ. ನಿಜವಾದ ಲೆಕ್ಕ ಶುರುವಾದದ್ದು ಜನಾಜಾಗಳು ಎದ್ದ ಮೇಲೆ.

ಮೊದಲು ಬಂದದ್ದು ಮಧ್ಯಂತರ ಪರಿಹಾರ: ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಹತ್ತು ಲಕ್ಷ, ಅದಕ್ಕಿಂತ ಚಿಕ್ಕವರಿಗೆ ಐದು. ವಿಮಾನದಲ್ಲಿ ಅರ್ಧ ಟಿಕೆಟ್ ಇಲ್ಲದ ಮಗುವಿಗೂ ಸಾವಿನಲ್ಲಿ ಅರ್ಧ ಟಿಕೆಟ್. ಆಮೇಲೆ ಅಂತಿಮ ಪರಿಹಾರದ ಚೌಕಾಸಿ. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸತ್ತವರ ವಿಷಯದಲ್ಲಿ ಆಗಿನ ಸುಮಾರು 75 ಲಕ್ಷ ರೂಪಾಯಿಯವರೆಗೆ, ನಮ್ಮ ತಪ್ಪಿಲ್ಲ ಎಂಬ ವಾದವನ್ನು ಕಂಪನಿ ಹೂಡುವಂತಿಲ್ಲ. ಹಾಗಾದರೆ ಅಷ್ಟಾದರೂ ಎಲ್ಲರಿಗೂ ಸಿಗಬೇಕಲ್ಲ? ಮಗನನ್ನು ಕಳೆದುಕೊಂಡ ಕಾಸರಗೋಡು ಕಡೆಯ ಒಬ್ಬ ತಂದೆ ಕೇರಳ ಹೈಕೋರ್ಟಿನಲ್ಲಿ ಕೇಳಿದ್ದೂ ಇದನ್ನೇ. 2011ರ ಜುಲೈಯಲ್ಲಿ ಏಕಸದಸ್ಯ ಪೀಠ ಹೌದೆಂದಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ಅದೇ ವರ್ಷ ವಿಭಾಗೀಯ ಪೀಠ ಅಲ್ಲವೆಂದಿತು: ಆಗಿರುವ ನಷ್ಟ ಎಷ್ಟೆಂದು ಪ್ರತಿ ಕುಟುಂಬವೂ ಸಾಬೀತು ಮಾಡಬೇಕು.

ನಷ್ಟ ಸಾಬೀತು ಮಾಡುವುದೆಂದರೆ ಸಂಬಳದ ಚೀಟಿ ತೋರಿಸುವುದು. 2020ರ ಮೇಯಲ್ಲಿ ಸುಪ್ರೀಂ ಕೋರ್ಟು ಇದೇ ವಿಮಾನದಲ್ಲಿ ಸತ್ತ ಹಿರಿಯ ಅಧಿಕಾರಿಯೊಬ್ಬರ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಿಸಿತು. ಹತ್ತು ವರ್ಷ ಹೋರಾಡಿದ ಆ ಕುಟುಂಬದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಿಗೆ ಸಿಕ್ಕಿದ್ದು ನ್ಯಾಯವೇ. ಪ್ರಶ್ನೆ ಬೇರೆ. ದೇರಾದ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವನು ಯಾವ ಚೀಟಿ ತರಬೇಕು? ಗಂಡನನ್ನು ನೋಡಿಕೊಂಡು ಊರಿಗೆ ಹೊರಟಿದ್ದ ಹೆಂಗಸಿಗೆ ಚೀಟಿ ಬರೆದುಕೊಡುವವರು ಯಾರು? ಹಾಲು ಕುಡಿಯುವ ಕೂಸಿಗೆ? ಗುರುತೇ ಸಿಗದೆ ಫಲ್ಗುಣಿ ದಂಡೆಯ ಮಣ್ಣಿಗೆ ಸೇರಿದ ಹನ್ನೆರಡು ದೇಹಗಳಿವೆ. ಯಾರು ಮುಸ್ಲಿಂ, ಯಾರು ಹಿಂದೂ, ಯಾರು ಕ್ರಿಶ್ಚಿಯನ್ ಎಂದು ತಿಳಿಯದೆ ಎಲ್ಲರ ಪ್ರಾರ್ಥನೆಯನ್ನೂ ಸಲ್ಲಿಸಿ ಹೂಳಿದರು. ನೆಲ ಅವರನ್ನು ಒಂದೇ ದರದಲ್ಲಿ ತೆಗೆದುಕೊಂಡಿತು.

ಒಂದೇ ದರ ಸಾಧ್ಯವಿಲ್ಲ ಎನ್ನುವ ವಕೀಲರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಮದೀನಾದಲ್ಲಿ ಬನೂ ನಜೀರ್, ಬನೂ ಖುರೈಜಾ ಎಂಬ ಎರಡು ಯಹೂದಿ ಗೋತ್ರಗಳಿದ್ದವು. ನಜೀರ್‌ನವನು ಕೊಲೆಯಾದರೆ ಪೂರ್ತಿ ದಿಯತ್, ಅಂದರೆ ರಕ್ತಪರಿಹಾರ, ಖುರೈಜಾದವನಾದರೆ ಅರ್ಧ. ಪ್ರವಾದಿಯವರು (ಸ) ಅದನ್ನು ಸಮ ಮಾಡಿದರು. ದಿಯತ್‌ನ ನೂರು ಒಂಟೆಗಳಲ್ಲಿ ಸತ್ತವನ ಆದಾಯ ಕೇಳುವ ಒಂಟೆ ಒಂದೂ ಇಲ್ಲ. ಹೆಣ್ಣಿನ ದಿಯತ್ತನ್ನು ಅರ್ಧಕ್ಕಿಳಿಸಿದ ಫಿಕ್ಹ್ ಗ್ರಂಥಗಳ ಜೊತೆ ನನಗೆ ಜಗಳವಿದೆ, ಅದನ್ನು ಬೇರೆ ದಿನ ಆಡುತ್ತೇನೆ. ಆದರೆ ಹಮಾಲಿಗೂ ಸರದಾರನಿಗೂ ಒಂದೇ ಎಂಬ ತತ್ವ ನಮ್ಮ ಕೈಯಲ್ಲಿದ್ದೂ ನಾವೇ ಅದನ್ನು ಎತ್ತಲಿಲ್ಲ. ನಮ್ಮ ಮಿಂಬರುಗಳಿಂದ ಆಗ ಬಂದದ್ದು ಸಬ್ರ್ ಮಾತ್ರ. ಸಬ್ರ್ ವಿಧವೆಗೆ ಹೇಳುವ ಮಾತು, ಕಂಪನಿಯ ಕಚೇರಿಗೆ ಕೊಡುವ ರಸೀದಿಯಲ್ಲ. ಒಂಟೆಯನ್ನು ಮೊದಲು ಕಟ್ಟು ಎಂಬ ಹದೀಸನ್ನು ಮದರಸಾದ ಹುಡುಗನೂ ಬಲ್ಲ. ಕಟ್ಟದ ಒಂಟೆ ಕಮರಿಗೆ ಬಿದ್ದರೆ ಅದು ತಕ್ದೀರ್, ಕಟ್ಟುವ ಸಂಬಳ ಪಡೆದವನು ನಿರಪರಾಧಿ ಎಂಬ ಫತ್ವಾ ಯಾರು ಕೊಟ್ಟರು?

ನಾನಿರುವ ನಲ್ಲೂರು ದೇವನಹಳ್ಳಿ ತಾಲೂಕಿನದು. ಇಲ್ಲಿಂದ ಬೆಂಗಳೂರಿನ ವಿಮಾನ ನಿಲ್ದಾಣ ದೂರವೇನಲ್ಲ. 2025ರ ಜೂನ್‌ನಲ್ಲಿ ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ ಇಲ್ಲಿನ ಚಹಾದಂಗಡಿಯಲ್ಲೂ ಅದೇ ಮಾತು. ಟಾಟಾದವರು ಸತ್ತ ಪ್ರತಿಯೊಬ್ಬರ ಮನೆಗೂ ಒಂದು ಕೋಟಿ ಘೋಷಿಸಿದ್ದನ್ನು ಕೇಳಿ, "ದೊಡ್ಡ ದಿಲ್ ಭಾಯ್ ಅವರದು" ಎಂದರು ಹಿರಿಯರೊಬ್ಬರು. ದೊಡ್ಡ ದಿಲ್ಲೇ ಇರಲಿ. ಆದರೆ ಚೀಟಿ ಕೇಳದೆ ಎಲ್ಲರಿಗೂ ಒಂದೇ ಮೊತ್ತ ಘೋಷಿಸಲು ಬರುತ್ತದೆ ಎಂಬುದು ಅಂದೇ ಸಾಬೀತಾಯಿತು. ಖೈರಾತಿನಲ್ಲಿ ಬರುವ ಸಮಾನತೆ ಹಕ್ಕಿನಲ್ಲಿ ಯಾಕೆ ಬರುವುದಿಲ್ಲ? ಕೊಡುವವನ ಮನಸ್ಸು ಬದಲಾದರೆ ಖೈರಾತು ನಿಲ್ಲುತ್ತದೆ, ಹಕ್ಕನ್ನಾದರೆ ಕೋರ್ಟಿನಲ್ಲಿ ಕೇಳಬಹುದು.

2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ ಮತ್ತೊಂದು ಬೆಟ್ಟದ ರನ್‌ವೇ, ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಅದೇ ದುಬೈಯಿಂದ ಬಂದ ಜನ, 21 ಸಾವು. ಅಲ್ಲೂ ತನಿಖೆ ಮೊದಲು ಬೆರಳು ತೋರಿದ್ದು ವಿಮಾನ ನಡೆಸುತ್ತಿದ್ದ ಪೈಲಟ್‌ನತ್ತ, ಆತನೂ ಸತ್ತಿದ್ದ. ಪ್ರತಿ ಮೇ 22ರಂದು ಫಲ್ಗುಣಿ ದಂಡೆಯ ಸ್ಮಾರಕಕ್ಕೆ ಅಧಿಕಾರಿಗಳು ಹೂವು ತರುತ್ತಾರೆ. ಹೂವು ತರಲಿ. ಜೊತೆಗೆ ನಮ್ಮ ಕರಾವಳಿಯ ಸಂಸದರೊಬ್ಬರು ವಿಮಾನಯಾನ ಪರಿಹಾರದ ಕಾನೂನಿಗೆ ಒಂದು ಸಾಲಿನ ತಿದ್ದುಪಡಿ ತರಲಿ: ಆ ಮೊದಲ ಮಿತಿಯ ಮೊತ್ತ ಪ್ರತಿ ಪ್ರಯಾಣಿಕನ ಜೀವಕ್ಕೂ ಕನಿಷ್ಠ, ವಯಸ್ಸು, ಲಿಂಗ, ಸಂಬಳ ಕೇಳಬಾರದು. ಮುಂದಿನ ಚುನಾವಣೆಯಲ್ಲಿ ಗಲ್ಫ್‌ನವರ ಮನೆಗಳಿಗೆ ವೋಟು ಕೇಳಲು ಬರುವವರನ್ನು ಕೇಳಲು ಇಷ್ಟು ಸಾಕು.