ಮಕ್ಕಳಿದ್ರೆ ಮ್ಯಾಪ್ ಅರ್ಧ ಮಾಡಿ

(1/6)

ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಮೊನ್ನೆ ಒಂದು ಪ್ಲಾನ್ ಬಂತು. ನ್ಯೂಜಿಲೆಂಡ್, ಮೋಟರ್‌ಹೋಮ್, ಹತ್ತು ದಿನ, ಆಕ್ಲೆಂಡ್‌ನಿಂದ ಕ್ವೀನ್ಸ್‌ಟೌನ್ ತನಕ. ಜೊತೆಗೆ ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಕೆಳಗೆ ಬೆಂಕಿ ಇಮೋಜಿಗಳ ಸಾಲು. ನಾನು ಒತ್ತಲಿಲ್ಲ. ಕಾರಣ ಇಲ್ಲಿ ಬರೀತೀನಿ, ಯಾಕಂದ್ರೆ ಇದೇ ಪ್ಲಾನ್ ನನ್ನ ಡಿಎಂಗೂ ವಾರಕ್ಕೊಂದು ಸಲ ಬರುತ್ತೆ. ಊರಿನ ಹೆಸರು ಮಾತ್ರ ಬೇರೆ.

ಲೆಕ್ಕ ಹಾಕಿ. ಆಕ್ಲೆಂಡ್‌ನಿಂದ ವೆಲ್ಲಿಂಗ್ಟನ್ ಸುಮಾರು 640 ಕಿ.ಮೀ. ಅಲ್ಲಿಂದ ಮೂರೂವರೆ ಗಂಟೆ ಹಡಗು. ಇಳಿದ ಮೇಲೆ ಕ್ರೈಸ್ಟ್‌ಚರ್ಚ್‌ಗೆ 340, ಅಲ್ಲಿಂದ ಕ್ವೀನ್ಸ್‌ಟೌನ್‌ಗೆ 480. ಎಲ್ಲ ಸೇರಿ ಸಾವಿರದ ಐನೂರರ ಹತ್ತಿರ. ಹತ್ತು ದಿನದಲ್ಲಿ ನಿದ್ದೆ ಸರಿ ಹೋಗೋಕೆ ಎರಡು, ಗಾಡಿ ವಾಪಸ್ ಕೊಟ್ಟು ವಿಮಾನ ಹಿಡಿಯೋಕೆ ಒಂದು ಕಳೀರಿ. ಉಳಿದ ಏಳು ದಿನ, ದಿನಕ್ಕೆ ಇನ್ನೂರು ಕಿ.ಮೀ.ಗೂ ಹೆಚ್ಚು. ಅಂದ್ರೆ ದಿನಾ ಬೆಂಗಳೂರಿಂದ ಚಿತ್ರದುರ್ಗಕ್ಕೆ ಮನೆ ಖಾಲಿ ಮಾಡಿಕೊಂಡು ಹೋದ ಹಾಗೆ. ಏಳು ದಿನ ಬಿಡದೆ. ಎರಡೂವರೆ ವರ್ಷದ ಮಗು ಸೀಟಿಗೆ ಕಟ್ಟಿಸಿಕೊಂಡು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಸಣ್ಣ ಮಕ್ಕಳ ಜೊತೆ ಮೋಟರ್‌ಹೋಮ್ ಅಂದ್ರೆ ಚಕ್ರ ಇರೋ ಮನೆ. ಅದನ್ನ ಕಾರು ಅಂದ್ಕೊಂಡು ಪ್ಲಾನ್ ಮಾಡಿದ್ರೆ ರಜೆ ಪೂರ್ತಿ ಡ್ರೈವಿಂಗ್‌ಗೆ, ಪಾತ್ರೆ ತೊಳೆಯೋದಕ್ಕೆ ಹೋಗುತ್ತೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓಡಿಸಬೇಡಿ, ಒಂದು ಜಾಗದಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಈ ಎರಡಕ್ಕೆ ನಿಮ್ಮ ಮ್ಯಾಪ್ ಒಗ್ಗದಿದ್ರೆ ಮ್ಯಾಪ್ ಕತ್ತರಿಸಿ, ಮಕ್ಕಳ ನಿದ್ದೆಯನ್ನಲ್ಲ.

(2/6)

ಎರಡು ರಾತ್ರಿ ಯಾಕೆ ಅಂತ ಕೇಳ್ತೀರಿ. ಮೋಟರ್‌ಹೋಮ್‌ನಲ್ಲಿ ಬೆಳಗ್ಗೆ ಎದ್ದು ಹೊರಡೋದು ಅಂದ್ರೆ ಏನು ಗೊತ್ತಾ? ರಾತ್ರಿ ಹಾಸಿಗೆ ಆಗಿದ್ದದ್ದು ಬೆಳಗ್ಗೆ ಊಟದ ಮೇಜು ಆಗಬೇಕು, ಆಮೇಲೆ ತಿಂಡಿ. ಲೋಟ ತಟ್ಟೆ ಎಲ್ಲಾ ಒಳಗಿಟ್ಟು ಪ್ರತಿ ಕಪಾಟಿಗೆ ಚಿಲಕ, ಇಲ್ಲದಿದ್ರೆ ಮೊದಲನೇ ತಿರುವಲ್ಲೇ ಸಾಂಬಾರಿನ ಡಬ್ಬಿ ಕೆಳಗೆ. ಗ್ಯಾಸ್ ಬಂದ್. ಹೊರಗಿನ ಕರೆಂಟ್ ಕೇಬಲ್ ಬಿಚ್ಚಿ ಸುತ್ತಬೇಕು. ಸ್ನಾನದ, ಪಾತ್ರೆಯ ಕೊಳೆನೀರು ಚೆಲ್ಲಬೇಕು, ಒಳ್ಳೆ ನೀರು ತುಂಬಬೇಕು, ಶೌಚದ ಡಬ್ಬ ಖಾಲಿ ಮಾಡಬೇಕು. ಇಬ್ಬರೇ ಇದ್ರೆ ಅರ್ಧ ಗಂಟೆ. ನಡುವೆ ಒಬ್ಬಳಿಗೆ ಶೂ ಸಿಗ್ತಿಲ್ಲ, ಇನ್ನೊಬ್ಬನಿಗೆ ಈಗಲೇ ಹಾಲು ಬೇಕು ಅಂದ್ರೆ ಹತ್ತೂವರೆಗೆ ಮೊದಲು ಗಾಡಿ ಹೊರಡಲ್ಲ. ಎರಡು ರಾತ್ರಿ ಇದ್ರೆ ಈ ಗಲಾಟೆ ಇಲ್ಲದ ಒಂದು ಇಡೀ ಬೆಳಗು ಸಿಗುತ್ತೆ.

ನಾವು ಹೋದಾಗ ಮಗಳಿಗೆ ಆರು, ಮಗನಿಗೆ ಮೂರು. ದಕ್ಷಿಣ ದ್ವೀಪ ಮಾತ್ರ, ಅದರಲ್ಲೂ ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಅಲ್ಲಿಗೇ ವಾಪಸ್. ಸುತ್ತು ಸುಮಾರು 800 ಕಿ.ಮೀ. ಮೊದಲು ಟೆಕಾಪೊ ಸರೋವರ (225 ಕಿ.ಮೀ., ನಡುವೆ ಜೆರಾಲ್ಡೀನ್‌ನಲ್ಲೊಂದು ರಾತ್ರಿ ಉಳಿದು ಎರಡು ತುಂಡು ಮಾಡಿದ್ವಿ. ಎರಡು ರಾತ್ರಿಯ ನಿಯಮಕ್ಕೆ ಇದೊಂದೇ ವಿನಾಯಿತಿ), ಅಲ್ಲಿಂದ ಔರಾಕಿ ಮೌಂಟ್ ಕುಕ್, ಆಮೇಲೆ ಪೂರ್ವ ಕರಾವಳಿಯ ಓಮರು, ಟಿಮರು ದಾಟಿ ವಾಪಸ್. ಕ್ವೀನ್ಸ್‌ಟೌನ್ ಇಲ್ಲ, ಮಿಲ್ಫರ್ಡ್ ಸೌಂಡ್ ಇಲ್ಲ. "ಮಿಲ್ಫರ್ಡ್ ನೋಡದೆ ಬಂದ್ರಾ?" ಅಂತ ಎಷ್ಟು ಜನ ಕೇಳಿದ್ರು! ಟೆ ಅನೌದಿಂದ ಮಿಲ್ಫರ್ಡ್‌ಗೆ ಹೋಗೋಕೆ ಸುಮಾರು 120 ಕಿ.ಮೀ., ಅದೇ ದಾರೀಲಿ ವಾಪಸ್ 120, ತಿರುವಿನ ಮೇಲೆ ತಿರುವು. ಆ ಕೊಲ್ಲಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ದಾರಿಯಲ್ಲಿ ಮೂರು ಸಲ ವಾಂತಿ ಮಾಡಿದ ಮೂರು ವರ್ಷದವನಿಗೆ ಅದು ಅದ್ಭುತ ಅಲ್ಲ. ಅವನು ಹತ್ತು ವರ್ಷದವನಾದಾಗಲೂ ಅದು ಅಲ್ಲೇ ಇರುತ್ತೆ.

ನಮ್ಮ ಮಕ್ಕಳಿಗೆ ಆ ಪ್ರವಾಸದಲ್ಲಿ ನೆನಪಿರೋದು ಟೆಕಾಪೊ ದಂಡೆಯಲ್ಲಿ ನೀರಿಗೆ ಕಲ್ಲು ಎಸೆದದ್ದು, ಅಲ್ಲಿನ ಬಿಸಿನೀರಿನ ಕೊಳ, ಓಮರುವಿನ ಸ್ಟೀಮ್‌ಪಂಕ್ ಆಟದ ಮೈದಾನ. ಮೌಂಟ್ ಕುಕ್ 3,724 ಮೀಟರ್ ಅಂತ ನಾನು ಹೇಳಿದ್ದು ಯಾರಿಗೂ ನೆನಪಿಲ್ಲ. ಟಾಸ್ಮನ್ ಹಿಮನದಿ ನೋಡೋ ಮೆಟ್ಟಿಲು ಹತ್ತಿದ್ದು ನೆನಪಿದೆ, ಯಾಕಂದ್ರೆ ಮೇಲೆ ನಿಂತ್ರೆ ಕೆರೆಯಲ್ಲಿ ಮಂಜುಗಡ್ಡೆ ತೇಲ್ತಿರುತ್ತೆ. ದಾರಿಯಲ್ಲಿ ಸಿಗೋ 'ನೀಲಿ ಸರೋವರ'ಗಳು ಈಗ ಹಸಿರು. ಮಗಳು ಬೋರ್ಡ್ ಓದಿ "ಸುಳ್ಳು ಬರೆದಿದ್ದಾರೆ" ಅಂದಳು.

(3/6)

ಯಾವಾಗ ಹೋಗಬೇಕು? ಎಲ್ಲರೂ ಡಿಸೆಂಬರ್ ಅಂತಾರೆ. ಅಲ್ಲಿ ಅದು ಬೇಸಿಗೆ, ಬೆಚ್ಚಗಿರುತ್ತೆ, ಸರಿ. ಆದರೆ ಅವರ ಶಾಲೆಗಳಿಗೂ ಅದೇ ದೊಡ್ಡ ರಜೆ, ಕ್ಯಾಂಪ್ ಜಾಗಗಳು ತುಂಬಿರ್ತವೆ, ಬಾಡಿಗೆ ಏರಿರುತ್ತೆ. ನಾನು ಹೇಳೋದು ಏಪ್ರಿಲ್. ನಮ್ಮ ಮಕ್ಕಳಿಗೂ ರಜೆ, ಅಲ್ಲಿ ಶರತ್ಕಾಲ, ಮರಗಳೆಲ್ಲ ಹಳದಿ.

ಇನ್ನೊಂದು ಕಾರಣ ಇದೆ, ಇದನ್ನ ಮಕ್ಕಳಿಲ್ಲದವರು ಬರೆದ ಗೈಡ್‌ಗಳಲ್ಲಿ ನಾನಂತೂ ನೋಡಿಲ್ಲ: ಕತ್ತಲೆ. ಟೆಕಾಪೊ ಸುತ್ತಲಿನ ಪ್ರದೇಶ 2012ರಿಂದ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ರಿಸರ್ವ್. ನಕ್ಷತ್ರ ನೋಡೋಕೆ ಅಂತಲೇ ಜನ ಬರ್ತಾರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತೂವರೆ ಹೊತ್ತಿಗೆ, ಆಕಾಶ ಪೂರ್ತಿ ಕಪ್ಪಾಗೋಕೆ ಹನ್ನೊಂದು ದಾಟುತ್ತೆ. ಅಷ್ಟೊತ್ತು ಎಚ್ಚರ ಇಟ್ಟ ಮಗು ಮಾರನೇ ದಿನ ಏನು ಮಾಡುತ್ತೆ ನಿಮಗೆ ಗೊತ್ತು. ಏಪ್ರಿಲ್ ಮಧ್ಯದಲ್ಲಿ ಎಂಟು ಗಂಟೆಗೆಲ್ಲ ಕತ್ತಲು. ಊಟ ಮಾಡಿಸಿ, ಸ್ವೆಟರ್ ಹಾಕಿ, ಬಾಗಿಲು ತೆಗೆದು ಹೊರಗೆ ನಿಂತ್ರೆ ಸಾಕು, ತಲೆ ಮೇಲೆ ಕ್ಷೀರಪಥ. ಒಂಬತ್ತಕ್ಕೆ ನಿದ್ದೆ.

ಓಮರುವಿನ ಪುಟ್ಟ ನೀಲಿ ಪೆಂಗ್ವಿನ್‌ಗಳದ್ದೂ ಇದೇ ಕಥೆ. ಪ್ರಪಂಚದ ಅತಿ ಚಿಕ್ಕ ಪೆಂಗ್ವಿನ್, ಒಂದು ಕೆ.ಜಿ. ಆಸುಪಾಸು. ಮುಸ್ಸಂಜೆ ಕಳೆದ ಮೇಲೆ ಸಮುದ್ರದಿಂದ ಗುಂಪುಗುಂಪಾಗಿ ದಡ ಹತ್ತುತ್ತವೆ. ಬೇಸಿಗೆಯಲ್ಲಿ ಆ ಹೊತ್ತು ಮಕ್ಕಳು ಮಲಗುವ ಸಮಯ ದಾಟಿದ ಮೇಲೆ. ಏಪ್ರಿಲ್‌ನಲ್ಲಿ ಪೆಂಗ್ವಿನ್‌ಗಳ ಸಂಖ್ಯೆ ಕಡಿಮೆ, ಒಪ್ಪಿಕೊಳ್ತೀನಿ. ಆದರೆ ಎಚ್ಚರವಿರೋ ಮಗು ಹತ್ತು ಪೆಂಗ್ವಿನ್ ನೋಡೋದು, ತೂಕಡಿಸೋ ಮಗು ನೂರು ನೋಡೋದಕ್ಕಿಂತ ಮೇಲು. (ಅಲ್ಲಿ ಫೋಟೊ ತೆಗೆಯೋ ಹಾಗಿಲ್ಲ. ಈ ಪೋಸ್ಟ್‌ನಲ್ಲಿ ಪೆಂಗ್ವಿನ್ ಎಲ್ಲಿ ಅಂತ ಕೇಳ್ಬೇಡಿ.)

ಏಪ್ರಿಲ್ ರಾತ್ರಿ ಆ ಕಡೆ ಚಳಿ ಜೋರು, ಸೊನ್ನೆಯ ಹತ್ತಿರ ಇಳಿಯುತ್ತೆ. ಹೀಟರ್‌ಗೆ ಕರೆಂಟ್ ಕೊಡೋ ಜಾಗವನ್ನೇ ಬುಕ್ ಮಾಡಿ. ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪ್ ಫೋಟೊಗೆ ಸ್ವರ್ಗ, ಆದ್ರೆ ಅಲ್ಲಿ ಕರೆಂಟ್ ಪಾಯಿಂಟ್ ಇಲ್ಲ. ಏಪ್ರಿಲ್‌ನಲ್ಲಿ ಅವರ ಶಾಲೆಗಳಿಗೂ ಎರಡು ವಾರ ರಜೆ, ಈಸ್ಟರ್ ಬೇರೆ. ಆ ತಾರೀಖು ನೋಡಿಕೊಳ್ಳಿ.

(4/6)

ಗಾಡಿ ವಿಷಯ. ಅಲ್ಲೂ ಎಡಗಡೆ ಓಡಿಸೋದು, ನಮ್ಮ ಕೈಗೆ ಸುಲಭ. ಇಂಗ್ಲಿಷ್‌ನಲ್ಲಿರೋ ನಮ್ಮ ಡಿಎಲ್ ನಡೆಯುತ್ತೆ, ಅಲ್ಲಿ ಕಾರಿನ ಲೈಸೆನ್ಸ್‌ನಲ್ಲೇ 6,000 ಕೆ.ಜಿ.ವರೆಗಿನ ಗಾಡಿ ಓಡಿಸಬಹುದು. ಹಾಗಂತ ಇದು ನಿಮ್ಮ ಸ್ವಿಫ್ಟ್ ಅಲ್ಲ. 3,500 ಕೆ.ಜಿ. ಮೀರಿದ ಗಾಡಿಗೆ ಮಿತಿ ಗಂಟೆಗೆ 90, ಹಿಂದೆ ಸಾಲು ಕಟ್ಟಿದ್ರೆ ಪಕ್ಕಕ್ಕೆ ಹಾಕಿ ದಾರಿ ಬಿಡಬೇಕು. ಮ್ಯಾಪ್ ತೋರಿಸೋ ಮೂರು ಗಂಟೆ ನಿಮಗೆ ನಾಲ್ಕೂವರೆ ಅಂದ್ಕೊಳ್ಳಿ.

ನಾಲ್ಕು ಜನಕ್ಕೆ ನಾಲ್ಕು ಮಲಗುವ ಜಾಗದ ಗಾಡಿ ಸಾಕು ಅನ್ನೋದು ಕಾಗದದ ಲೆಕ್ಕ. ದುಡ್ಡು ಹೊಂದುತ್ತೆ ಅಂದ್ರೆ ಆರು ಜನರದ್ದು ತಗೊಳ್ಳಿ, ಒಂದು ಹಾಸಿಗೆಯನ್ನ ಹಾಸಿದ ಹಾಗೇ ಬಿಡಬಹುದು, ಮಧ್ಯಾಹ್ನ ಚಿಕ್ಕವನು ನಿದ್ದೆ ಹೋಗ್ತಾನೆ. ಡ್ರೈವರ್ ತಲೆ ಮೇಲಿನ ಹಾಸಿಗೆಗೆ ಮಕ್ಕಳು ಜಗಳ ಆಡ್ತಾರೆ. ಅಲ್ಲಿ ಬೀಳೋ ವಯಸ್ಸಿನವರನ್ನ ಮಲಗಿಸಬೇಡಿ.

ಬುಕ್ ಮಾಡೋ ಮೊದಲು ಕೇಳಲೇಬೇಕಾದ ಪ್ರಶ್ನೆ: ಮಕ್ಕಳ ಸೀಟು ಯಾವ ಸೀಟಿಗೆ ಕಟ್ಟೋಕಾಗುತ್ತೆ, ಎಷ್ಟು ಕಟ್ಟೋಕಾಗುತ್ತೆ? ಏಳು ವರ್ಷ ತುಂಬುವವರೆಗೆ ಮಕ್ಕಳ ಸೀಟು ಅಲ್ಲಿ ಕಾನೂನು. ಆದರೆ ಮೋಟರ್‌ಹೋಮ್‌ನ ಎಲ್ಲಾ ಸೀಟಿಗೂ ಅದನ್ನ ಕೂರಿಸೋಕಾಗಲ್ಲ. ಗಾಡಿ ಓಡುವಾಗ ಹಿಂದೆ ಎದ್ದು ಓಡಾಡೋದು, ಮಲಗೋದು, ದೋಸೆ ಹುಯ್ಯೋದು ಯಾವುದೂ ಇಲ್ಲ, ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ರೀಲ್ಸ್‌ನಲ್ಲಿ ನೋಡಿದ್ದನ್ನ ಮರೆತುಬಿಡಿ. ಮಕ್ಕಳ ಸೀಟು ಸಾಮಾನ್ಯವಾಗಿ ಡ್ರೈವರ್‌ನಿಂದ ದೂರ, ಹಾಗಾಗಿ ದೊಡ್ಡವರೊಬ್ಬರು ಹಿಂದೆ ಕೂರಬೇಕು. ಮುಂದಿನ ಗಾಜಿನ ದೊಡ್ಡ ನೋಟ ಒಬ್ಬರಿಗೆ ಮಾತ್ರ. ಅದು ಯಾರಿಗೆ ಅಂತ ಮೊದಲೇ ಮಾತಾಡಿಕೊಳ್ಳಿ.

ಡೀಸೆಲ್ ಗಾಡಿಗೆ ರಸ್ತೆ ಬಳಕೆ ಶುಲ್ಕ ಅಂತ ಬೇರೆ ಇದೆ, ಓಡಿದ ಕಿ.ಮೀ. ಮೇಲೆ, ಸಾಮಾನ್ಯವಾಗಿ ಗಾಡಿ ವಾಪಸ್ ಕೊಡುವಾಗ ಕೇಳ್ತಾರೆ. ಮ್ಯಾಪ್ ಅರ್ಧ ಮಾಡಿದ್ರೆ ಅದೂ ಅರ್ಧ.

(5/6)

ಈಗ ಯಾರೂ ಮಾತಾಡದ ವಿಷಯಕ್ಕೆ ಬರ್ತೀನಿ. ಗಂಡಸರು ಸ್ವಲ್ಪ ಗಮನ ಇಟ್ಟು ಓದಿ.

ಮೋಟರ್‌ಹೋಮ್ ಕನಸು ನಮ್ಮಲ್ಲಿ ಹೆಚ್ಚಾಗಿ ಗಂಡಸರದ್ದು. "ಹೋಟೆಲ್ ಖರ್ಚಿಲ್ಲ, ನಾವೇ ಅಡುಗೆ ಮಾಡ್ಕೋಬಹುದು" ಅಂತಾರೆ. ಆ "ನಾವೇ" ಅಂದ್ರೆ ಯಾರು? ಮನೆಯಲ್ಲಿ ಕೆಲಸಕ್ಕೆ ಬರೋ ಅಕ್ಕ ಇದ್ದಾರೆ, ಮಿಕ್ಸಿ ಇದೆ, ಅಮ್ಮ ಇದ್ದಾರೆ. ಅದನ್ನೆಲ್ಲ ಬಿಟ್ಟು, ಎರಡಡಿ ಅಗಲದ ಕಟ್ಟೆ ಮುಂದೆ ಹೆಂಡತಿಯನ್ನ ನಿಲ್ಲಿಸಿ, ನಾವು ಹೊರಗೆ ಕುರ್ಚಿ ಹಾಕಿ ಸೂರ್ಯಾಸ್ತದ ಫೋಟೊ ತೆಗೆದ್ರೆ ಅದು ಅವಳಿಗೆ ಯಾವ ರಜೆ? ಲಕ್ಷಗಟ್ಟಲೆ ಕೊಟ್ಟು ಅಡುಗೆಮನೆಯನ್ನ ದಕ್ಷಿಣ ಗೋಳಾರ್ಧಕ್ಕೆ ಸಾಗಿಸಿದ ಹಾಗಾಯ್ತು.

ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಹಾಳೆ ತಗೊಂಡು ಕೆಲಸ ಹಂಚಿಕೊಳ್ಳಿ. ನಮ್ಮ ಗಾಡಿಯಲ್ಲಿ ಬೆಳಗಿನ ತಿಂಡಿ, ನೀರು, ಕೇಬಲ್, ಶೌಚದ ಡಬ್ಬ ನನ್ನದು. ರಾತ್ರಿ ಅಡುಗೆ ಅವಳದ್ದು, ಪಾತ್ರೆ ನನ್ನದು. ಮೂರು ದಿನಕ್ಕೊಮ್ಮೆ ಹೊರಗೆ ಊಟ, ಅದಕ್ಕೆ ಚರ್ಚೆ ಇಲ್ಲ. ಹೆಚ್ಚಿನ ಹಾಲಿಡೇ ಪಾರ್ಕ್‌ಗಳಲ್ಲಿ ದೊಡ್ಡ ಸಾಮೂಹಿಕ ಅಡುಗೆಮನೆ ಇರುತ್ತೆ, ಗಾಡಿಯೊಳಗೆ ಒಗ್ಗರಣೆ ಹಾಕಿ ಎರಡು ದಿನ ಹಾಸಿಗೆ ತುಂಬ ಇಂಗಿನ ವಾಸನೆ ಹೊದ್ದು ಮಲಗೋ ಅಗತ್ಯ ಇಲ್ಲ.

ಆ ಡಬ್ಬದ ಬಗ್ಗೆ ಒಂದು ಮಾತು. ಮುಖ ಕಿವುಚಬೇಡಿ. ಗಾಡಿಯ ಪಕ್ಕದ ಸಣ್ಣ ಬಾಗಿಲು ತೆಗೆದು, ಸೂಟ್‌ಕೇಸ್ ಥರ ಎಳೆದುಕೊಂಡು ಹೋಗಿ, ಡಂಪ್ ಸ್ಟೇಷನ್‌ನಲ್ಲಿ ಸುರಿದು, ತೊಳೆದು, ಔಷಧಿ ಹಾಕಿ ವಾಪಸ್ ಇಡೋದು. ಐದು ನಿಮಿಷ. "ಅದನ್ನ ಮಾಡೋಕೆ ಅಲ್ಲಿ ಯಾರಾದ್ರೂ ಸಿಗಲ್ವಾ?" ಅಂತ ನನಗೆ ಬಂದ ಮೆಸೇಜ್‌ಗಳನ್ನ ಓದಿದ್ರೆ ಬೇಜಾರಾಗುತ್ತೆ. ಸಿಗಲ್ಲ. ನಮ್ಮ ಹೊಲಸನ್ನ ತಲೆತಲಾಂತರದಿಂದ ಬೇರೆಯವರ ತಲೆ ಮೇಲೆ ಹೊರಿಸಿ ಬಂದವರು ನಾವು. ಅಪ್ಪ ಗ್ಲೌಸ್ ಹಾಕಿಕೊಂಡು ಆ ಡಬ್ಬ ಎಳ್ಕೊಂಡು ಹೋಗೋದನ್ನ ಮಕ್ಕಳು ನೋಡಲಿ. ನಮ್ಮ ಮಗ ಪಕ್ಕದಲ್ಲೇ ತನ್ನ ಆಟಿಕೆ ಸೂಟ್‌ಕೇಸ್ ಎಳ್ಕೊಂಡು ಬರ್ತಿದ್ದ.

(6/6)

ಉಳಿದದ್ದು ಚುಟುಕಾಗಿ. ತಿಂಡಿ ಸಾಮಾನು ಏನೇ ಒಯ್ದರೂ ವಿಮಾನ ಇಳಿಯುವಾಗ ಘೋಷಿಸಿ. ಚಟ್ನಿಪುಡಿ, ಉಪ್ಪಿನಕಾಯಿ, ಹುರಿಟ್ಟು, ಎಲ್ಲವೂ. ಜೇನುತುಪ್ಪ, ಹಸಿ ಕರಿಬೇವು, ಹಣ್ಣು ಮನೇಲೇ ಬಿಡಿ. ವಿಮಾನದಲ್ಲಿ ಕೊಟ್ಟ ಸೇಬು ಮಗುವಿನ ಬ್ಯಾಗ್‌ನಲ್ಲಿ ಉಳಿದು ನೀವು ಹೇಳದಿದ್ರೆ 400 ಡಾಲರ್ ದಂಡ, ಅವರ ಡಾಲರ್. ಘೋಷಿಸಿದ್ರೆ ದಂಡ ಇಲ್ಲ, ಬೇಡದ್ದನ್ನ ತೆಗೆದಿಟ್ಟುಕೊಳ್ತಾರೆ ಅಷ್ಟೇ.

ಇಳಿದ ದಿನವೇ ಗಾಡಿ ತಗೋಬೇಡಿ. ಏಪ್ರಿಲ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಡ್ತಾರೆ, ಆಮೇಲೆ ಅಲ್ಲಿನ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ. ಮನೇಲಿ ಎಂಟೂವರೆಗೆ ಮಲಗೋ ಮಗು ಅಲ್ಲಿ ಬೆಳಗಿನ ಜಾವ ಮೂರಕ್ಕೆ ಮಲಗುತ್ತೆ. ಎರಡು ರಾತ್ರಿ ಕ್ರೈಸ್ಟ್‌ಚರ್ಚ್‌ನಲ್ಲಿ ರೂಮ್ ಮಾಡಿ, ಹಗಲು ಮಾರ್ಗರೆಟ್ ಮಾಹಿ ಆಟದ ಮೈದಾನದಲ್ಲಿ ಬಿಟ್ಟುಬಿಡಿ, ಬಿಸಿಲು ತಾಗಲಿ.

ಗಾಡಿ ಎಷ್ಟು ದೊಡ್ಡದು ಅಂತ ಅಂದಾಜಿಲ್ಲದವರು ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಏಳು ಮೀಟರ್ ಉದ್ದ, ಎರಡು ಮೀಟರ್ ಅಗಲ ಗೆರೆ ಎಳೀರಿ. ಒಂದು ಭಾನುವಾರ ಸಂಜೆ ಮಳೆ ಬಂದಿದೆ ಅಂದ್ಕೊಂಡು ನಾಲ್ಕೂ ಜನ ಮೂರು ಗಂಟೆ ಆ ಗೆರೆ ದಾಟದೆ ಕೂತು ನೋಡಿ. ಅತ್ತೆ ಮಾವನನ್ನೂ ಕರ್ಕೊಂಡು ಹೋಗೋ ಯೋಚನೆ ಇದ್ರೆ ಅವರನ್ನೂ ಕೂರಿಸಿ.

ಮಗುವಿಗೆ ಎರಡು ವರ್ಷ ತುಂಬಿಲ್ಲ ಅಂದ್ರೆ ಮೋಟರ್‌ಹೋಮ್ ಬೇಡವೇ ಬೇಡ ಅಂತೀನಿ. ಸಾಧಾರಣ ಕಾರು ತಗೊಳ್ಳಿ, ಅದೇ ಹಾಲಿಡೇ ಪಾರ್ಕ್‌ಗಳಲ್ಲಿ ಕ್ಯಾಬಿನ್ ಸಿಗುತ್ತೆ, ಹಾಸಿಗೆ ಬಿಚ್ಚೋದು ಕಟ್ಟೋದು ಇಲ್ಲ, ಮಗು ನೆಲದ ಮೇಲೆ ತೆವಳಬಹುದು. ಆಟದ ಮೈದಾನ ಅದೇ, ಸರೋವರ ಅದೇ, ನಕ್ಷತ್ರ ಅವೇ. ಬಾಡಿಗೆ ಕಂಪನಿಗೆ ಕೇಳಬೇಕಾದ ಪ್ರಶ್ನೆಗಳನ್ನ ನಾಳೆ ಬೇರೆ ಪೋಸ್ಟ್ ಮಾಡ್ತೀನಿ. ಅಲ್ಲಿಯವರೆಗೆ ಡಿಪಾಸಿಟ್ ಕಟ್ಟಬೇಡ್ರಪ್ಪಾ.